ಕತ್ತಿ ಗುಳವಾಗುವುದು: ಪ್ಲೌಶೇರ್ಸ್ ಚಳವಳಿಯ ಕುರಿತು ಒಂದು ಅಧ್ಯಯನ ಟಿಪ್ಪಣಿ

ಪ್ಲೌಶೇರ್ಸ್ ಎಂಬುದು ಅಣ್ವಸ್ತ್ರಗಳನ್ನು ಸುತ್ತಿಗೆಯಿಂದ ಬಡಿದು ವಿರೋಧಿಸುವ, ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಶಾಂತಿ ಚಳವಳಿ. ಅದನ್ನು ಕನ್ನಡದಲ್ಲಿ ಓದುವವರಿಗೆ ಒಂದು ಅನುಕೂಲವಿದೆ. ಬೈಬಲಿನ ಯೆಶಾಯನ ಗ್ರಂಥದ 2ನೆಯ ಅಧ್ಯಾಯ, 4ನೆಯ ವಚನದಲ್ಲಿ ಜನರು ಕತ್ತಿಗಳನ್ನು ‘ಗುಳ’ಗಳನ್ನಾಗಿಯೂ ಭರ್ಜಿಗಳನ್ನು ‘ಕುಡುಗೋಲು’ಗಳನ್ನಾಗಿಯೂ ಮಾಡುವರು ಎಂಬ ಮಾತಿದೆ. ಗುಳವೆಂದರೆ ನೇಗಿಲ ತುದಿಯ ಕಬ್ಬಿಣ. ಮಳೆಗಾಲಕ್ಕೆ ಮುಂಚೆ ಅದನ್ನು ಕುಲುಮೆಗೆ ಒಯ್ದು, ಕಾಯಿಸಿ ತಟ್ಟಿಸಿಕೊಂಡು ಬರುವುದನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥವರಿಗೆ ಈ ವಚನ ಬರೀ ಉಪಮೆಯಲ್ಲ. ಅದರಲ್ಲಿ ಬೆಂಕಿಯಿದೆ, ಬೆವರಿದೆ, ಸುತ್ತಿಗೆಯಿದೆ. ಕತ್ತಿಯನ್ನು ಕೆಳಗಿಡಿ ಎಂದಷ್ಟೇ ಹೇಳಿ ಪ್ರವಾದಿ ಸುಮ್ಮನಾಗುವುದಿಲ್ಲ, ಅದನ್ನು ಬಡಿದು ಬೇರೆಯದನ್ನು ಮಾಡುವವರೆಗೂ ಹೋಗುತ್ತಾನೆ.

ಇದೇ ಮಾತು ಮೀಕನ ಗ್ರಂಥದ 4ನೆಯ ಅಧ್ಯಾಯದಲ್ಲೂ ಬರುತ್ತದೆ. ಆದರೆ ಯೋವೇಲನ 3ನೆಯ ಅಧ್ಯಾಯವನ್ನು ತೆರೆದು ನೋಡಿ: ಅಲ್ಲಿ ಗುಳಗಳನ್ನು ಬಡಿದು ಕತ್ತಿ ಮಾಡಿಕೊಳ್ಳಿರಿ ಎಂಬ ತದ್ವಿರುದ್ಧವಾದ ಕರೆಯಿದೆ. ಪರೀಕ್ಷೆಗೆ ಓದುವವರು ಇದನ್ನು ಬಿಟ್ಟುಬಿಡುತ್ತಾರೆ, ಬಿಡಬಾರದು. ಕುಲುಮೆ ಎರಡು ಕಡೆಗೂ ಕೆಲಸ ಮಾಡುತ್ತದೆ ಎಂಬುದು ಧರ್ಮಗ್ರಂಥಕ್ಕೇ ಗೊತ್ತಿತ್ತು.

ಪ್ಲೌಶೇರ್ ಎಂದರೆ ಗುಳವೇ. ಚಳವಳಿಗೆ ಹೆಸರು ಬಂದದ್ದು ಅಲ್ಲಿಂದ.

1980ರ ಸೆಪ್ಟೆಂಬರ್ 9

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಕಿಂಗ್ ಆಫ್ ಪ್ರಷಿಯಾ ಎಂಬ ಊರಿದೆ. ಅಲ್ಲಿನ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ ಮಾರ್ಕ್ 12ಎ ಅಣ್ವಸ್ತ್ರ ಸಿಡಿತಲೆಗಳ ಮೂತಿಗವಚಗಳು ತಯಾರಾಗುತ್ತಿದ್ದವು. ಆ ದಿನ ಎಂಟು ಮಂದಿ ಒಳಗೆ ಹೋದರು. ಯೇಸುಸಭೆ ಎಂಬ ಕ್ಯಾಥೊಲಿಕ್ ಸಂಘದ ಗುರು (ಪಾದ್ರಿ) ಡೇನಿಯಲ್ ಬೆರಿಗನ್, ಗುರುಪದವಿಯನ್ನು ಬಿಟ್ಟಿದ್ದ ಅವರ ತಮ್ಮ ಫಿಲಿಪ್ ಬೆರಿಗನ್, ಗುರು ಕಾರ್ಲ್ ಕಬಾಟ್, ಕನ್ಯಾಸ್ತ್ರೀ ಆ್ಯನ್ ಮಾಂಟ್‌ಗೊಮರಿ, ಆರು ಮಕ್ಕಳ ತಾಯಿ ಮಾಲಿ ರಷ್, ಜೊತೆಗೆ ಎಲ್ಮರ್ ಮಾಸ್, ಡೀನ್ ಹ್ಯಾಮರ್, ಜಾನ್ ಶುಕಾರ್ಟ್. ಎರಡು ಮೂತಿಗವಚಗಳ ಮೇಲೆ ಸುತ್ತಿಗೆಯಿಂದ ಹೊಡೆದರು. ಕಚೇರಿಯ ಕಾಗದಪತ್ರಗಳ ಮೇಲೆ ರಕ್ತ ಸುರಿದರು. ಆಮೇಲೆ ಓಡಿಹೋಗದೆ ಅಲ್ಲೇ ನಿಂತು ಪ್ರಾರ್ಥಿಸುತ್ತಾ ಪೊಲೀಸರಿಗಾಗಿ ಕಾದರು.

ರಕ್ತವೇಕೆ ಎಂದು ಅನೇಕರು ಕೇಳುತ್ತಾರೆ. ಬಾಂಬು ಸುರಿಸುವ ರಕ್ತವನ್ನು ಅದನ್ನು ತಯಾರಿಸುವ ಕಡೆಯಲ್ಲೇ ಕಣ್ಣಿಗೆ ಕಾಣಿಸುವುದು ಒಂದು ಅರ್ಥ. ಬಲಿಪೂಜೆಯಲ್ಲಿ, ಕ್ರಿಸ್ತನ ರಕ್ತವೆಂದು ದ್ರಾಕ್ಷಾರಸದ ಪಾತ್ರೆಯನ್ನು ಎತ್ತುವ ಗುರುವಿಗೆ ಅದರಲ್ಲಿ ಇನ್ನೊಂದು ಅರ್ಥವೂ ಕೇಳಿಸುತ್ತದೆ: ರಕ್ತ ಸುರಿಯಲೇಬೇಕಾದರೆ ಅದು ನನ್ನದಾಗಲಿ, ಪರರದ್ದು ಬೇಡ.

ಈ ಕ್ರಿಯೆಗೆ ಪೂರ್ವರೂಪವೂ ಇತ್ತು. 1968ರ ಮೇ 17ರಂದು ಮೇರಿಲ್ಯಾಂಡಿನ ಕೇಟನ್ಸ್‌ವಿಲ್‌ನಲ್ಲಿ ಬೆರಿಗನ್ ಸೋದರರು ಸೇರಿದಂತೆ ಒಂಬತ್ತು ಮಂದಿ ಸೇನಾ ಭರ್ತಿಯ 378 ಕಡತಗಳನ್ನು ಹೊರಗೆ ತಂದು, ತಾವೇ ತಯಾರಿಸಿದ ನೇಪಾಮಿನಿಂದ (ಅಂಟಿಕೊಂಡು ಉರಿಯುವ, ಬಾಂಬುಗಳಲ್ಲಿ ಬಳಸುವ ಇಂಧನದಿಂದ) ಸುಟ್ಟಿದ್ದರು. ಅದು ವಿಯೆಟ್ನಾಂ ಯುದ್ಧದ ಕಾಲ. ಯುದ್ಧ ಮುಗಿದ ಮೇಲೆ ಆ ಸುತ್ತಿನವರ ಕಣ್ಣು ಅಣ್ವಸ್ತ್ರಗಳ ಕಡೆಗೆ ತಿರುಗಿತು.

ಬೇಡಿಕೆಗಿಂತ ಮೊದಲು ಪ್ರಾಯಶ್ಚಿತ್ತ

ನನಗೆ ಈ ಚಳವಳಿ ಅರ್ಥವಾದದ್ದು ಒಂದು ಪದದಿಂದ. ಸಾಮಾನ್ಯ ಪ್ರತಿಭಟನೆ ಸರ್ಕಾರದ ಮುಂದೆ ಬೇಡಿಕೆ ಇಡುತ್ತದೆ. ಇವರ ನಡೆಯ ಬೇರು ಪ್ರಾಯಶ್ಚಿತ್ತದಲ್ಲಿದೆ.

ಡೊರೊಥಿ ಡೇ ಅವರನ್ನು ನೋಡಿ. 1933ರಲ್ಲಿ ಬಡವರ ಸೇವೆ ಮತ್ತು ಶಾಂತಿಗಾಗಿ ದುಡಿಯುವ ಕ್ಯಾಥೊಲಿಕ್ ವರ್ಕರ್ ಚಳವಳಿಯನ್ನು ಆರಂಭಿಸಿದವರಲ್ಲಿ ಅವರು ಒಬ್ಬರು. 1955ರ ಜೂನ್ 15ರಂದು ನ್ಯೂಯಾರ್ಕಿನಲ್ಲಿ ಅಣುದಾಳಿಯ ಅಣಕು ಅಭ್ಯಾಸವಿತ್ತು. ಸೈರನ್ ಕೂಗಿದೊಡನೆ ಎಲ್ಲರೂ ಆಶ್ರಯತಾಣ ಸೇರಬೇಕೆಂಬುದು ಕಾನೂನು. ಡೇ ಮತ್ತು ಸಂಗಡಿಗರು ಸಿಟಿ ಹಾಲ್ ಪಾರ್ಕಿನ ಬೆಂಚುಗಳ ಮೇಲೆ ಕುಳಿತೇ ಇದ್ದು ಬಂಧನಕ್ಕೊಳಗಾದರು. ಜಪಾನಿನ ಮೇಲೆ ಬಾಂಬು ಹಾಕಿದ ದೇಶದ ಪ್ರಜೆಗಳಾಗಿ ನಾವು ಮಾಡುವ ಬಹಿರಂಗ ಪ್ರಾಯಶ್ಚಿತ್ತವಿದು ಎಂಬುದು ಅವರ ನಿಲುವು. ಮುಂದಿನ ವರ್ಷಗಳಲ್ಲೂ ಹಾಗೆಯೇ ಕುಳಿತರು, ಜೈಲಿಗೂ ಹೋದರು. ಕೂರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗಿ 1961ರ ಹೊತ್ತಿಗೆ ದೊಡ್ಡ ಗುಂಪೇ ಆಯಿತು. ಅದಾದ ಮೇಲೆ ಆ ಅಭ್ಯಾಸಗಳೇ ನಿಂತವು.

ಕ್ರೈಸ್ತರಿಗೆ ಈ ಪ್ರಾಯಶ್ಚಿತ್ತ ಏಕೆ ಅಷ್ಟು ನೋವಿನದು ಎಂಬುದನ್ನು ತಿಳಿಯಲು ನಾಗಸಾಕಿಗೆ ಹೋಗಬೇಕು. ಜಪಾನಿನ ಕ್ಯಾಥೊಲಿಕ್ ಜೀವನದ ತವರೇ ಅಲ್ಲಿನ ಉರಕಾಮಿ ಕಣಿವೆ. ಕ್ರೈಸ್ತಧರ್ಮಕ್ಕೆ ನಿಷೇಧವಿದ್ದ ಎರಡು ಶತಮಾನಕ್ಕೂ ಹೆಚ್ಚು ಕಾಲ, ಗುರುಗಳಿಲ್ಲದೆ, ಗುಡಿಯಿಲ್ಲದೆ, ತಾಯಿಯಿಂದ ಮಗಳಿಗೆ ಪ್ರಾರ್ಥನೆಯನ್ನು ಪಿಸುಮಾತಿನಲ್ಲಿ ದಾಟಿಸಿ ವಿಶ್ವಾಸವನ್ನು ಕಾಪಾಡಿಕೊಂಡಿದ್ದ ಜನರ ವಂಶಜರು ಅಲ್ಲಿದ್ದರು. 1945ರ ಆಗಸ್ಟ್ 9ರ ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಬಾಂಬು ಸಿಡಿದದ್ದು ಅವರ ಮಹಾದೇವಾಲಯದಿಂದ ಸುಮಾರು 500 ಮೀಟರ್ ದೂರದಲ್ಲಿ. ಆಗಸ್ಟ್ 15ರ ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬಕ್ಕೆ ಸಿದ್ಧರಾಗಲು ಜನ ಪಾಪನಿವೇದನೆಗೆ ಬಂದಿದ್ದರು. ಒಳಗಿದ್ದ ಯಾರೂ ಉಳಿಯಲಿಲ್ಲ. ಆ ಕಣಿವೆಯ ಕ್ಯಾಥೊಲಿಕ್ ಸಮುದಾಯದ ಸುಮಾರು 12,000 ಮಂದಿಯಲ್ಲಿ 8,500ರಷ್ಟು ಮಂದಿ ಸತ್ತರು.

ಬಾಂಬು ಹೊತ್ತ ವಿಮಾನ ಹೊರಟದ್ದು ಟಿನಿಯನ್ ದ್ವೀಪದಿಂದ. ಅಲ್ಲಿನ ವಾಯುಪಡೆಯವರ ಕ್ಯಾಥೊಲಿಕ್ ಗುರು ಜಾರ್ಜ್ ಜಬೆಲ್ಕಾ. ಕ್ರೈಸ್ತರೇ ಕ್ರೈಸ್ತರ ದೇವಾಲಯವನ್ನು ಬೂದಿ ಮಾಡಿದಾಗ ತಾನು ಒಂದು ಮಾತನ್ನೂ ಆಡಲಿಲ್ಲ ಎಂಬುದನ್ನು ಅವರು ಮುಂದೆ ಬಹಿರಂಗವಾಗಿ ಒಪ್ಪಿಕೊಂಡರು, ಉಳಿದ ಬಾಳನ್ನು ಅಹಿಂಸೆಯ ಬೋಧನೆಗೆ ಮುಡಿಪಿಟ್ಟರು. ಪಾಪನಿವೇದನೆ ಕೇಳುವುದೇ ಕೆಲಸವಾಗಿದ್ದವರು ಮಾಡಿದ ನಿವೇದನೆ ಅದು. ಈ ಭಾಗವನ್ನು ಎಷ್ಟು ಸಲ ಓದಿದರೂ ನನಗೆ ಮುಂದಿನ ಪುಟ ತಿರುಗಿಸಲು ಕೈ ಬರುವುದಿಲ್ಲ.

ಸುತ್ತಿಗೆಯ ಏಟು ಅಹಿಂಸೆಯೇ?

ತರಗತಿಯಲ್ಲಿ ಹೆಚ್ಚು ಚರ್ಚೆಯಾಗುವ ಪ್ರಶ್ನೆ ಇದು, ಆಗಬೇಕಾದದ್ದೇ. ಬೆರಿಗನ್ ಸೋದರರ ಉತ್ತರ ನೇರವಾಗಿತ್ತು: ಸ್ವತ್ತು ಎಂದರೆ ಮನುಷ್ಯನ ಬದುಕಿಗೆ ಒದಗುವಂಥದ್ದು, ಒಂದು ನಗರವನ್ನೇ ಸುಡಲೆಂದು ಮಾಡಿದ ವಸ್ತು ಆ ಹೆಸರಿಗೆ ಅರ್ಹವಲ್ಲ. ಇದು ಬಲವಾದ ವಾದ. ಆದರೆ ಅವರ ಮಿತ್ರವಲಯದಲ್ಲೇ ಎಲ್ಲರೂ ಒಪ್ಪಿರಲಿಲ್ಲ. ಬೆರಿಗನ್‌ರನ್ನು ಪ್ರೀತಿಸುತ್ತಿದ್ದ ಡೊರೊಥಿ ಡೇ ಅವರಿಗೇ ಕೇಟನ್ಸ್‌ವಿಲ್ ಬಗೆಯ ಕ್ರಿಯೆಗಳ ಬಗ್ಗೆ ಅಳುಕಿತ್ತು. ಗುಟ್ಟಾಗಿ ಯೋಜಿಸುವುದು, ವಸ್ತುಗಳನ್ನು ನಾಶ ಮಾಡುವುದು ಅವರಿಗೆ ಒಗ್ಗುತ್ತಿರಲಿಲ್ಲ. ಪಾರ್ಕಿನ ಬೆಂಚಿನ ಮೇಲೆ ಕೂರಲು ಗುಟ್ಟು ಬೇಕಿಲ್ಲ, ಬೇಲಿ ಕತ್ತರಿಸಲು ಬೇಕು. ಗಾಂಧೀಜಿಯ ಸತ್ಯಾಗ್ರಹ ಮುಚ್ಚುಮರೆಯನ್ನು ಒಪ್ಪುವುದಿಲ್ಲ ಎಂಬುದನ್ನು ನೆನೆದರೆ ಈ ಅಳುಕಿನ ತೂಕ ತಿಳಿಯುತ್ತದೆ.

ನನ್ನ ತೀರ್ಮಾನ ಇಷ್ಟು: ಗುಟ್ಟಿನ ದೋಷವನ್ನು ಇವರು ಕ್ರಿಯೆಯ ಆಮೇಲಿನ ನಡೆಯಿಂದ ತೊಳೆಯಲು ಯತ್ನಿಸುತ್ತಾರೆ. ಹೆಸರು ಹೇಳುತ್ತಾರೆ, ಕಾಯುತ್ತಾರೆ, ನ್ಯಾಯಾಲಯದಲ್ಲಿ ಮಾಡಿದ್ದನ್ನು ಮಾಡಿದೆವು ಎನ್ನುತ್ತಾರೆ. ಸುತ್ತಿಗೆಗೆ ಅರ್ಥ ಕೊಡುವುದು ಆ ಕಾಯುವಿಕೆಯೇ.

ನ್ಯಾಯಾಲಯದಲ್ಲಿ

ಉರಿಯುವ ಮನೆಯೊಳಗಿನ ಮಗುವನ್ನು ಉಳಿಸಲು ಬಾಗಿಲು ಮುರಿದರೆ ಅದು ಅಪರಾಧವಲ್ಲ. ದೊಡ್ಡ ಕೇಡನ್ನು ತಪ್ಪಿಸಲು ಸಣ್ಣ ಕಾನೂನನ್ನು ಮೀರಿದೆವು ಎಂಬ ಈ ಅನಿವಾರ್ಯತೆಯ ವಾದವನ್ನು ಪ್ಲೌಶೇರ್ಸ್‌ನವರು ಮತ್ತೆ ಮತ್ತೆ ಮುಂದಿಟ್ಟಿದ್ದಾರೆ. ಅಮೆರಿಕದ ನ್ಯಾಯಾಧೀಶರು ಸಾಮಾನ್ಯವಾಗಿ ಇದನ್ನು ಜ್ಯೂರಿಯ ಕಿವಿಗೆ ಬೀಳಲೂ ಬಿಡುವುದಿಲ್ಲ. ಅಪಾಯ ಆ ಕ್ಷಣದ್ದಾಗಿರಬೇಕು, ಬೇರೆ ದಾರಿ ಇರಬಾರದು ಎಂಬುದು ಕಾನೂನಿನ ಷರತ್ತು. ಕಿಂಗ್ ಆಫ್ ಪ್ರಷಿಯಾದ ಎಂಟು ಮಂದಿ 1981ರಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಮೇಲ್ಮನವಿಗಳು ಸುಮಾರು ಹತ್ತು ವರ್ಷ ಎಳೆದು, 1990ರಲ್ಲಿ ಈಗಾಗಲೇ ಅನುಭವಿಸಿದ ಸೆರೆವಾಸವೇ ಸಾಕೆಂದು ಮುಗಿಯಿತು. ಎಲ್ಲರಿಗೂ ಹಾಗಾಗಲಿಲ್ಲ. 1984ರಲ್ಲಿ ಮಿಸೌರಿಯಲ್ಲಿ ನೆಲದಡಿ ಕ್ಷಿಪಣಿ ಇಡುವ ಬಾವಿಯೊಂದರ ಮುಚ್ಚಳದ ಮೇಲೆ ಗಾಳಿಯಂತ್ರದ ಸುತ್ತಿಗೆ ಹಾಯಿಸಿದ ನಾಲ್ವರಲ್ಲಿ ಕಾರ್ಲ್ ಕಬಾಟ್ ಮತ್ತು ಹೆಲೆನ್ ವುಡ್‌ಸನ್ ಅವರಿಗೆ 18 ವರ್ಷಗಳ ಶಿಕ್ಷೆ ಬಿತ್ತು. ಆ ಗುಂಪು ತನಗಿಟ್ಟುಕೊಂಡ ಹೆಸರು ಯೆಶಾಯನ ವಚನದ ಎರಡನೆಯ ಅರ್ಧದ್ದು, ಕುಡುಗೋಲು.

ಕ್ಯಾಥೊಲಿಕ್ ಸಭೆಯ (ಚರ್ಚಿನ) ಅಧಿಕೃತ ನಿಲುವು ಇದೇ ಅವಧಿಯಲ್ಲಿ ನಿಧಾನವಾಗಿ ಸರಿಯಿತು. ಇಡೀ ನಗರಗಳನ್ನು ನಾಶ ಮಾಡುವ ಯುದ್ಧಕ್ರಮ ದೇವರಿಗೂ ಮನುಷ್ಯನಿಗೂ ಎಸಗುವ ಅಪರಾಧವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು. 1983ರಲ್ಲಿ ಅಮೆರಿಕದ ಧರ್ಮಾಧ್ಯಕ್ಷರು (ಬಿಷಪ್ಪರು), ಎದುರಾಳಿಯನ್ನು ತಡೆಯಲು ಅಣ್ವಸ್ತ್ರ ಇಟ್ಟುಕೊಳ್ಳುವುದನ್ನು ಷರತ್ತಿನ ಮೇಲೆ ಮಾತ್ರ ಸಹಿಸಿದರು. 2019ರ ನವೆಂಬರ್ 24ರಂದು ಹಿರೋಶಿಮಾದಲ್ಲಿ ನಿಂತು ಪೋಪ್ ಫ್ರಾನ್ಸಿಸ್, ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅನೈತಿಕ ಎಂದರು. ಸುತ್ತಿಗೆ ಹಿಡಿದವರು ಅದನ್ನೇ ಹೇಳಿ 39 ವರ್ಷಗಳಾಗಿದ್ದವು.

ಓಕ್ ರಿಡ್ಜ್, 2012

ಕೊನೆಯದಾಗಿ ಒಂದು ಪ್ರಸಂಗವನ್ನು ವಿವರವಾಗಿ ಓದೋಣ. ಟೆನೆಸ್ಸಿಯ ಓಕ್ ರಿಡ್ಜ್‌ನ ವೈ-12 ಸ್ಥಾವರ ಹಿರೋಶಿಮಾದ ಬಾಂಬಿಗೆ ಯುರೇನಿಯಂ ಒದಗಿಸಿದ ಜಾಗ. 2012ರ ಜುಲೈ 28ರ ನಸುಕಿನಲ್ಲಿ 82 ವರ್ಷದ ಕನ್ಯಾಸ್ತ್ರೀ ಮೇಗನ್ ರೈಸ್, ಮೈಕೆಲ್ ವಾಲಿ, ಗ್ರೆಗ್ ಬೋರ್ಟಿಯೆ ಒಬೆಡ್ ಕತ್ತಲಲ್ಲಿ ಗುಡ್ಡ ದಾಟಿ, ಬೇಲಿಗಳನ್ನು ಕತ್ತರಿಸಿ, ಶುದ್ಧೀಕರಿಸಿದ ಯುರೇನಿಯಂ ಇಟ್ಟ ಕಟ್ಟಡದ ಗೋಡೆಯ ಬಳಿಗೇ ಹೋದರು. ರೈಸ್ ಸುಮಾರು ನಾಲ್ಕು ದಶಕ ಆಫ್ರಿಕಾದಲ್ಲಿ ಮಕ್ಕಳಿಗೆ ಪಾಠ ಹೇಳಿದ್ದವರು. ಗೋಡೆಯ ಮೇಲೆ ಬರೆದರು, ರಕ್ತ ಎರಚಿದರು, ಸುತ್ತಿಗೆಯಿಂದ ಒಂದಷ್ಟು ಚಕ್ಕೆ ಕಿತ್ತರು. ಕಾವಲುಗಾರ ಬಂದಾಗ ಹಾಡುತ್ತಾ ಅವನಿಗೆ ರೊಟ್ಟಿ ನೀಡಲು ಮುಂದಾದರು.

2014ರಲ್ಲಿ ಶಿಕ್ಷೆ ವಿಧಿಸುವ ದಿನ, ತನಗೆ ದಯೆ ತೋರಬೇಡಿ, ಸಾಯುವವರೆಗೆ ಸೆರೆಯಲ್ಲಿಟ್ಟರೆ ಅದೇ ನನಗೆ ದೊಡ್ಡ ಕೊಡುಗೆ ಎಂದು ರೈಸ್ ನ್ಯಾಯಾಧೀಶರನ್ನು ಕೇಳಿಕೊಂಡರು. ಅವರಿಗೆ 35 ತಿಂಗಳು, ಉಳಿದಿಬ್ಬರಿಗೆ 62 ತಿಂಗಳು. 2015ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ವಿಧ್ವಂಸಕ ಕೃತ್ಯದ ಆರೋಪವನ್ನು ತಳ್ಳಿಹಾಕಿತು, ಮೂವರೂ ಹೊರಬಂದರು. ರೈಸ್ 2021ರಲ್ಲಿ ತೀರಿಕೊಂಡರು.

ಆ ಕಾವಲುಗಾರನ ಕಥೆ ಹೆಚ್ಚಿನ ಬರಹಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಎದುರಿಗಿರುವವರು ಶಾಂತಿವಾದಿಗಳೆಂದು ಅವನು ಕಂಡ ಕೂಡಲೇ ಗುರುತಿಸಿದ, ಬಂದೂಕು ಚಲಾಯಿಸಲಿಲ್ಲ. ಆ ರಾತ್ರಿ ಯಾರೂ ಸಾಯದಿದ್ದುದಕ್ಕೆ ಅವನ ಸಂಯಮವೂ ಕಾರಣ. ಅವನನ್ನು ಕೆಲಸದಿಂದ ತೆಗೆದುಹಾಕಿದರು. ಮೂವರು ತಮ್ಮ ಪ್ರಾಯಶ್ಚಿತ್ತವನ್ನು ತಾವೇ ಆರಿಸಿಕೊಂಡಿದ್ದರು, ಅವನು ಆರಿಸಿಕೊಂಡಿರಲಿಲ್ಲ.