ಒರಾಂಗುಟಾನ್: 'ಟಾಂಗ್' ಅಲ್ಲ, 'ಟಾನ್'

ಮೊದ್ಲು ಉಚ್ಚಾರಣೆ ಸರಿ ಮಾಡ್ಕೊಂಡ್ಬಿಡೋಣ. ನಮ್ಮಲ್ಲಿ ಬಹಳ ಜನ 'ಒರಾಂಗೊಟಾಂಗ್' ಅಂತಾರೆ, ನಾನೂ ಸುಮಾರು ವರ್ಷ ಹಾಗೇ ಅಂತಿದ್ದೆ. ಮಲಯ ಭಾಷೇಲಿ 'ಒರಾಂಗ್' ಅಂದ್ರೆ ಮನುಷ್ಯ, 'ಹುತಾನ್' ಅಂದ್ರೆ ಕಾಡು, ಎರಡೂ ಸೇರಿದ್ರೆ ಕಾಡಿನ ಮನುಷ್ಯ. ಆದ್ರೆ ಅದೇ ಭಾಷೇಲಿ 'ಉತಾಂಗ್' ಅಂದ್ರೆ ಸಾಲ! ಅಂದ್ರೆ ನಾವು 'ಟಾಂಗ್' ಅಂದಾಗೆಲ್ಲ ಪಾಪ ಮರದ ಮೇಲೆ ತನ್ನ ಪಾಡಿಗೆ ಹಣ್ಣು ತಿಂತಾ ಕೂತಿರೋ ಪ್ರಾಣಿನ ಸಾಲಗಾರ ಅಂತ ಕರೆದ ಹಾಗಾಯ್ತು.

ಪ್ರಾಣಿಗೆ ಮನುಷ್ಯನ ಹೆಸರಿಡೋದು ನಮಗೇನೂ ಹೊಸದಲ್ಲ. ತುಮಕೂರಿನ ನಾಗವಲ್ಲಿ ಕಡೆ ರಾತ್ರಿ ಹೊತ್ತು ದೊಡ್ಡ ಕಣ್ಣು ಬಿಟ್ಕೊಂಡು ಕೊಂಬೆ ಮೇಲೆ ಮೆಲ್ಲಗೆ ನಡೆಯೋ ಪುಟ್ಟ ಪ್ರಾಣಿನ ನಾವು ಕಾಡುಪಾಪ ಅನ್ನಲ್ವಾ, ಹಾಗೇ ಇದು. 'ವಾನರ' ಪದಾನೂ 'ವಾ ನರಃ', ಅಂದ್ರೆ 'ಇವನೂ ನರನೇ ಏನೋ' ಅಂತ ಬಿಡಿಸಿ ಹೇಳೋರಿದ್ದಾರೆ. ವಾನರ ಅಂದ್ಮೇಲೆ ರಾಮಾಯಣ ನೆನಪಾಯ್ತು, 'ಒರಾಂಗುಟಾನ್' ಪದದ ತೀರಾ ಹಳೇ ದಾಖಲೆಗಳಲ್ಲಿ ಒಂದು ಸಿಗೋದು ಜಾವಾದ ಕಾಕವಿನ್ ರಾಮಾಯಣದಲ್ಲೇ. ಅದು 9-10ನೇ ಶತಮಾನದ್ದು, ಇಲ್ಲಿ ರಾಷ್ಟ್ರಕೂಟರು ಆಳ್ತಿದ್ದ ಕಾಲ. ಅದರಲ್ಲಿ 'ಉರಾಂಗುತಾನ್' ಅನ್ನೋ ರೂಪ ಬರುತ್ತೆ, ಕಾಡಲ್ಲಿರೋ ಮನುಷ್ಯರು ಅನ್ನೋ ಅರ್ಥದಲ್ಲಲ್ಲ, ಪ್ರಾಣಿ ಅನ್ನೋ ಅರ್ಥದಲ್ಲೇ. ಹಾಗಾಗಿ ಯೂರೋಪಿನವರು ಸ್ಥಳೀಯರ ಮಾತನ್ನ ತಪ್ಪು ತಿಳ್ಕೊಂಡು ಈ ಹೆಸರು ಕಟ್ಟಿದ್ರು ಅನ್ನೋ ಹಳೇ ಕಥೆ ನಿಲ್ಲಲ್ಲ.

ಆದ್ರೆ ಯೂರೋಪಿನವರು ಬೇರೆ ಗೊಂದಲ ಬೇಕಾದಷ್ಟು ಮಾಡಿದ್ರು. 1641ರಲ್ಲಿ ಡಚ್ ವೈದ್ಯ ಟುಲ್ಪ್ 'ಒರಾಂಗ್ ಔಟಾಂಗ್' ಅಂತ ವರ್ಣಿಸಿದ್ದು ಆಫ್ರಿಕಾದ ಅಂಗೋಲದಿಂದ ಬಂದ ಪ್ರಾಣಿನ. 1699ರಲ್ಲಿ ಇಂಗ್ಲೆಂಡಿನ ಟೈಸನ್ ಕೊಯ್ದು ನೋಡಿ ಅದೇ ಹೆಸರಲ್ಲಿ ದೊಡ್ಡ ಪುಸ್ತಕ ಬರೆದಿದ್ದೂ ಚಿಂಪಾಂಜಿನ. ಈಗಿನ ವೈಜ್ಞಾನಿಕ ಹೆಸರು 'ಪೊಂಗೊ' ಕೂಡ ಆಫ್ರಿಕಾದ್ದೇ, ಬಹುಶಃ ಗೊರಿಲ್ಲಾಗಿದ್ದ ಹೆಸರು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹೆಸರು ಅದಲು ಬದಲು. ಇನ್ನು ಒರಾಂಗುಟಾನ್ ಇರೋ ಕಾಡುಗಳ ಪಕ್ಕದಲ್ಲೇ ಇರೋ ಜನಕ್ಕೆ ತಮ್ಮದೇ ಪದಗಳಿವೆ, ಸುಮಾತ್ರಾದಲ್ಲಿ 'ಮವಾಸ್', ಬೋರ್ನಿಯೊದ ಸರವಾಕ್ ಕಡೆ 'ಮಾಯಾಸ್'. ಜಾವಾದವರ ಒಂದು ನಂಬಿಕೆನ 17ನೇ ಶತಮಾನದ ಡಚ್ ವೈದ್ಯ ಬೊಂಟಿಯಸ್ ಬರೆದಿಟ್ಟಿದ್ದಾನೆ: ಇವಕ್ಕೆ ಮಾತಾಡೋಕೆ ಬರುತ್ತೆ, ಆದ್ರೆ ಮಾತಾಡಿದ್ರೆ ಎಲ್ಲಿ ಕೆಲಸಕ್ಕೆ ಹಚ್ಚಿಬಿಡ್ತಾರೋ ಅಂತ ಸುಮ್ನಿರ್ತಾವೆ. ಇದಕ್ಕಿಂತ ಬುದ್ಧಿವಂತ ಪ್ರಾಣಿ ಬೇಕಾ ಹೇಳಿ.

ಇದು ಕೋತಿ ಅಲ್ಲ, ಬಾಲ ಇಲ್ಲ. ಆದ್ರೆ ಭಾಷೆ ಕೇಳಬೇಕಲ್ಲ, ನಾವು 'ಮೂರು ಜನ' ಅನ್ನೋ ಹಾಗೆ ಇಂಡೋನೇಷ್ಯಾದಲ್ಲೂ ಮನುಷ್ಯರನ್ನ ಎಣಿಸುವಾಗ 'ಒರಾಂಗ್' ಸೇರಿಸ್ತಾರೆ, ಪ್ರಾಣಿಗಳಾದ್ರೆ 'ಎಕೋರ್', ಅಂದ್ರೆ ಬಾಲ. ಹೆಸರಲ್ಲೇ ಒರಾಂಗ್ ಇದ್ರೂ ಒರಾಂಗುಟಾನ್‌ನ ಎಣಿಸೋದು ಬಾಲದ ಲೆಕ್ಕದಲ್ಲೇ, ಇಲ್ಲದಿರೋ ಬಾಲ! ಇವು ಇರೋದು ಬೋರ್ನಿಯೊ ಮತ್ತು ಸುಮಾತ್ರಾ ದ್ವೀಪಗಳಲ್ಲಿ ಮಾತ್ರ. ಒಟ್ಟು ಮೂರು ಜಾತಿ, ಬೋರ್ನಿಯೊದು, ಸುಮಾತ್ರಾದು, ಆಮೇಲೆ 2017ರಲ್ಲಿ ಬೇರೆ ಜಾತಿ ಅಂತ ಗುರುತಿಸಿದ ತಪಾನುಲಿ.

ಎಲ್ರೂ ಹೆಸರಿನ ಮೊದಲರ್ಧ ಹಿಡ್ಕೊಂಡು 'ಅಯ್ಯೋ ನಮ್ಮ ಥರಾನೇ ಇದೆ' ಅಂತಾರೆ, ನನಗೇನೋ ಎರಡನೇ ಅರ್ಧ, ಆ 'ಹುತಾನ್', ಅದೇ ಮುಖ್ಯ ಅನ್ಸುತ್ತೆ. ಯಾಕಂದ್ರೆ ಇದರ ಬುದ್ಧಿ ಎಲ್ಲ ಕಾಡಿಂದಲೇ ಬಂದಿದ್ದು. ನೂರಾರು ಗಿಡಮರಗಳಲ್ಲಿ ಯಾವುದು ಎಲ್ಲಿದೆ, ಯಾವಾಗ ಹಣ್ಣು ಬಿಡುತ್ತೆ, ಯಾವ ಭಾಗ ತಿನ್ನಬೋದು, ಇದೆಲ್ಲ ಹುಟ್ಟುತ್ತಲೇ ಬರಲ್ಲ, ತಾಯಿ ತಿನ್ನುವಾಗ ಮರಿ ಅದರ ಮೂತಿ ಹತ್ರಾನೇ ಮುಖ ಇಟ್ಟು ನೋಡಿ ನೋಡಿ ಕಲೀಬೇಕು. ಪ್ರತಿ ಸಂಜೆ ಕೊಂಬೆ ಬಗ್ಗಿಸಿ, ಹೆಣೆದು, ಮೇಲೆ ಎಲೆ ಹಾಸಿ ಮಲಗೋಕೆ ಹೊಸ ಗೂಡು ಕಟ್ಟೋದೂ ಅಷ್ಟೇ, ವರ್ಷಗಟ್ಟಲೆ ಪ್ರಾಕ್ಟೀಸ್ ಬೇಕು. ಸುಮಾತ್ರಾದ ಸುವಾಕ್ ಬಾಲಿಂಬಿಂಗ್ ಅನ್ನೋ ಜೌಗು ಕಾಡಲ್ಲಿ ನೀಸಿಯಾ ಅಂತ ಒಂದು ಹಣ್ಣು, ಒಳಗೆ ಬೀಜದ ಸುತ್ತ ಚುಚ್ಚೋ ರೋಮ. ಅಲ್ಲಿನ ಒರಾಂಗುಟಾನ್‌ಗಳು ಕಡ್ಡಿ ಮುರಿದು, ತೊಗಟೆ ಸುಲಿದು, ಬಾಯಲ್ಲಿ ಕಚ್ಚಿ ಹಿಡಿದು ಆ ರೋಮ ಕೆರೆದು ಬೀಜ ತೆಗೀತಾವೆ. ದೊಡ್ಡ ನದಿ ಆಚೆ ಬಾತು-ಬಾತು ಕಡೆ ಇದೇ ಮರ ಇದೆ, ಒರಾಂಗುಟಾನೂ ಇವೆ, ಆದ್ರೆ ಕಡ್ಡಿ ವಿದ್ಯೆ ಇಲ್ಲ! ನಮ್ಮಲ್ಲಿ ಹೊಳೆ ದಾಟಿದ್ರೆ ಸಾರಿನ ರುಚಿ ಬದಲಾಗಲ್ವಾ, ಅದೇ ಲೆಕ್ಕ. ಇದೇ ಸುವಾಕ್‌ನಲ್ಲೇ 2022ರಲ್ಲಿ ರಾಕುಸ್ ಅನ್ನೋ ಗಂಡು ತನ್ನ ಮುಖದ ಗಾಯಕ್ಕೆ ಅಲ್ಲಿನ ಜನ ಕೂಡ ಔಷಧಿಗೆ ಬಳಸೋ ಒಂದು ಬಳ್ಳಿಯ ಎಲೆ ಅಗಿದು ರಸ ಹಚ್ಚಿ, ಮೇಲೆ ಅಗಿದ ಎಲೆನೇ ಪಟ್ಟಿ ಥರ ಮೆತ್ಕೊಂಡಿದ್ದನ್ನ ಸಂಶೋಧಕರು ನೋಡಿದ್ರು, ಗಾಯ ಕೀವು ಕಟ್ಟದೆ ವಾಸಿ ಆಯ್ತು. ಎರಡೂ ಕೆನ್ನೆ ಹಲಗೆ ಥರ ಅಗಲವಾಗಿ ಬೆಳೆದ ದೊಡ್ಡ ಗಂಡುಗಳು ಸಂಜೆ ಕೂಗು ಹಾಕೋದು ಸಾಮಾನ್ಯವಾಗಿ ನಾಳೆ ತಾವು ಹೊರಡೋ ದಿಕ್ಕಿಗೆ ಮುಖ ಮಾಡಿ, ಅಂದ್ರೆ ನಾಳೆಯ ಪ್ಲಾನ್ ಇವತ್ತೇ ರೆಡಿ.

ಕಾಡಿಂದ ತಂದು ಬೋನಿಗೆ ಹಾಕಿದ್ರೆ ಈ ಬುದ್ಧಿ ಬೀಗದ ಕಡೆ ತಿರುಗುತ್ತೆ. 1968ರಲ್ಲಿ ಅಮೆರಿಕದ ಒಮಾಹಾ ಝೂನಲ್ಲಿ ಫು ಮಾಂಚು ಅನ್ನೋ ಗಂಡು ಪದೇ ಪದೇ ಹೊರಗೆ ಬಂದು ಮರದ ಮೇಲೆ ಕೂತಿರ್ತಿತ್ತು, ಕೊನೆಗೆ ನೋಡಿದ್ರೆ ತಂತಿ ತುಂಡೊಂದನ್ನ ತುಟಿ ಒಳಗೆ ಬಚ್ಚಿಟ್ಕೊಂಡು ಚಿಲಕ ತೆಗೀತಿತ್ತು.

ಕಲಿಯೋಕೆ ಇಷ್ಟಿದೆ ಅಂದ್ಮೇಲೆ ಬಾಲ್ಯಾನೂ ಉದ್ದ. ಒಂದು ಮರಿ ಆದ್ಮೇಲೆ ಇನ್ನೊಂದಕ್ಕೆ 7-8 ವರ್ಷದ ಅಂತರ. ಹೀಗಾಗಿ ಒಂದು ತಾಯಿ ಸತ್ರೆ ಆ ಲೆಕ್ಕ ತುಂಬೋಕೆ ವರ್ಷಗಳೇ ಬೇಕು. 1999ರಿಂದ 2015ರ ಒಳಗೆ ಬೋರ್ನಿಯೊದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಒರಾಂಗುಟಾನ್‌ಗಳು ಇಲ್ಲವಾದ್ವು ಅಂತ ಒಂದು ದೊಡ್ಡ ಅಧ್ಯಯನದ ಅಂದಾಜು. ತಾಳೆ ಎಣ್ಣೆ ತೋಟಕ್ಕೆ ಕಾಡು ಕಡಿದಿದ್ದು ದೊಡ್ಡ ಕಾರಣ ಹೌದು, ಪ್ರಪಂಚದಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ತರಿಸ್ಕೊಳ್ಳೋ ದೇಶ ನಮ್ಮದೇ, ಬೇಕರಿ ಪಫ್ಸು, ಖಾರ ಮಿಕ್ಸ್ಚರು, ಮೈಸೋಪು ಎಲ್ಲದರಲ್ಲೂ ಇದೆ. ಆದ್ರೆ ಅದೇ ಅಧ್ಯಯನದ ಪ್ರಕಾರ ಹೆಚ್ಚು ಸಂಖ್ಯೆ ಕಳೆದಿದ್ದು ಮರಗಳು ಇನ್ನೂ ನಿಂತಿರೋ ಕಡೆನೇ, ಅಂದ್ರೆ ಅಲ್ಲಿ ಕೊಂದಿದ್ದಾರೆ, ಮಾಂಸಕ್ಕೋ, ತೋಟಕ್ಕೆ ನುಗ್ತು ಅನ್ನೋ ಸಿಟ್ಟಿಗೋ, ಮರಿ ಮಾರೋಕೋ. ಇದನ್ನ ಯಾರೂ ಅಷ್ಟು ಹೇಳಲ್ಲ. ಮೂರೂ ಜಾತಿ ಈಗ ಅಳಿವಿನ ಅಂಚಲ್ಲಿವೆ, ತಪಾನುಲಿ ಅಂತೂ ಸುಮಾತ್ರಾದ ಬಾತಾಂಗ್ ತೋರು ಕಾಡಲ್ಲಿ 800ಕ್ಕಿಂತ ಕಮ್ಮಿ.

ಕೊನೆಗೆ 'ಒರಾಂಗ್' ಅನ್ನೋದು ಕೋರ್ಟ್ ಮೆಟ್ಟಿಲು ಹತ್ತಿದ್ದೂ ಇದೆ. ಸ್ಯಾಂಡ್ರಾ ಅಂತ ಒಂದು ಹೆಣ್ಣು, 1986ರಲ್ಲಿ ಜರ್ಮನಿಯ ಝೂ ಒಂದರಲ್ಲಿ ಹುಟ್ಟಿ ಆಮೇಲೆ ಬ್ಯೂನಸ್ ಐರಿಸ್ ಝೂ ಸೇರಿದ್ದು. ಅದರ ಪರವಾಗಿ ಹಾಕಿದ ಕೇಸಲ್ಲಿ 2014ರಲ್ಲಿ ಅರ್ಜೆಂಟೀನಾದ ಕೋರ್ಟು 'ಇದು ಮನುಷ್ಯ ಅಲ್ಲದ ವ್ಯಕ್ತಿ, ಇದಕ್ಕೂ ಹಕ್ಕುಗಳಿವೆ' ಅಂತು. 2019ರಲ್ಲಿ ಸ್ಯಾಂಡ್ರಾನ ಅಮೆರಿಕದ ಫ್ಲಾರಿಡಾದಲ್ಲಿರೋ ಆಶ್ರಯಧಾಮಕ್ಕೆ ಕಳಿಸಿದ್ರು. ವ್ಯಕ್ತಿ ಅಂತೇನೋ ಕಾಗದದಲ್ಲಿ ಬಂತು, ಆದ್ರೆ ಬೋರ್ನಿಯೊ, ಸುಮಾತ್ರಾ ಕಾಡು ಹೇಗಿರುತ್ತೆ ಅಂತ ಸ್ಯಾಂಡ್ರಾ ಒಂದ್ಸಲನೂ ನೋಡಿಲ್ಲ.