ನವೆಂಬರ್‌ನ ಹಿಮ, ಫೆಬ್ರವರಿಯ ಸಾವು

1910ರ ಮಾರ್ಚ್ 4ರ ರಾತ್ರಿ. ಕೆನಡಾದ ರೋಜರ್ಸ್ ಪಾಸ್ ಎಂಬ ಬೆಟ್ಟದ ಕಣಿವೆದಾರಿಯಲ್ಲಿ ಕಿಯೋಪ್ಸ್ ಬೆಟ್ಟದಿಂದ ಜಾರಿದ ಹಿಮ ರೈಲು ಹಳಿಯನ್ನು ಮುಚ್ಚಿತ್ತು. ಅದನ್ನು ತೆಗೆಯಲು ಕೆಲಸಗಾರರು ಸಲಿಕೆ ಹಿಡಿದು ಬಂದಿದ್ದರು. ಅವರು ಇನ್ನೂ ಅಗೆಯುತ್ತಿದ್ದಾಗಲೇ ಎದುರಿನ ಬೆಟ್ಟದ ಹಿಮವೂ ಜಾರಿತು. 58 ಜನ ಸತ್ತರು. ಅವರಲ್ಲಿ 32 ಮಂದಿ ದುಡಿಮೆಗಾಗಿ ಜಪಾನಿನಿಂದ ಬಂದವರು. ಅದಕ್ಕೆ ಮೂರೇ ದಿನ ಮೊದಲು ಅಮೆರಿಕದ ವೆಲ್ಲಿಂಗ್ಟನ್‌ನಲ್ಲಿ ಎರಡು ರೈಲುಗಳನ್ನು ಹಿಮ ಕಣಿವೆಗೆ ತಳ್ಳಿ 96 ಜನರನ್ನು ಕೊಂದಿತ್ತು. ಅಲ್ಲಿ ದಿನಗಟ್ಟಲೆ ಹಿಮ ಬಿದ್ದು, ಕೊನೆಗೆ ಗುಡುಗಿನ ಜೊತೆ ಮಳೆ ಶುರುವಾಗಿತ್ತು.

ರೈಲು ಕಂಪನಿ ಬೆಟ್ಟದೊಳಗೆ ಸುರಂಗ ಕೊರೆಯಿತು. 1916ರಲ್ಲಿ ರೈಲುಗಳು ಅದರಲ್ಲಿ ಓಡತೊಡಗಿದವು. 1962ರಲ್ಲಿ ಅದೇ ಪಾಸ್‌ನಲ್ಲಿ ಹೆದ್ದಾರಿ ಬಂದಾಗ ಸೇನೆಯ ಫಿರಂಗಿಗಳನ್ನು ತಂದರು. ರಸ್ತೆ ಮುಚ್ಚಿ, ಗುಂಡು ಹಾರಿಸಿ, ಹಿಮವನ್ನು ಬೇಕಾದ ಹೊತ್ತಿಗೆ ಬೀಳಿಸುವ ಪದ್ಧತಿ ಅದು. ರಸ್ತೆಗೆ ಇದು ಸಾಕು. ಆದರೆ ಸ್ಕೀ ಕಟ್ಟಿಕೊಂಡು ರಸ್ತೆ ಬಿಟ್ಟು ಬೆಟ್ಟದೊಳಗೆ ಹೋಗುವವರ ಮುಂದೆ ಯಾರೂ ಫಿರಂಗಿ ಹಾರಿಸುವುದಿಲ್ಲ. ಅವರಿಗೆ ಬೇಕಿದ್ದದ್ದು ಬೇರೆ: ಹಿಮ ಯಾಕೆ ಜಾರುತ್ತದೆ ಅನ್ನುವ ತಿಳಿವಳಿಕೆ.

ಈ ತಿಳಿವಳಿಕೆ ಬಹುಮಟ್ಟಿಗೆ ಬೆಳೆದದ್ದು ಸ್ವಿಟ್ಜರ್ಲೆಂಡಿನಲ್ಲಿ. 1936ರಲ್ಲಿ ದಾವೋಸ್ ಮೇಲಿನ ವೈಸ್‌ಫ್ಲೂಯೋಹ್‌ನಲ್ಲಿ ಕೆಲವು ಸಂಶೋಧಕರು ಮರದ ಗುಡಿಸಲಿನಂಥ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಬಿದ್ದ ಹಿಮ ಸುಮ್ನೆ ಬಿದ್ದಿರುವುದಿಲ್ಲ, ದಿನದಿನವೂ ಬದಲಾಗುತ್ತದೆ. ನೆಲಕ್ಕೆ ತಾಗಿದ ಹಿಮ ಸಾಮಾನ್ಯವಾಗಿ 0 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಮೇಲಿನ ಗಾಳಿ ಮೈನಸ್ 20 ಇರಬಹುದು. ನಡುವೆ ಇರುವ ಹಿಮ ತೆಳುವಾಗಿದ್ದರೆ ಕೆಳಗಿನಿಂದ ಆವಿ ಜೋರಾಗಿ ಮೇಲೇರುತ್ತದೆ. ಆಗ ಹಿಮದ ಕಣಗಳು ಸಕ್ಕರೆಯಂಥ ಹರಳುಗಳಾಗುತ್ತವೆ. ಕೈಯಲ್ಲಿ ಹಿಡಿದು ಒತ್ತಿದರೆ ಉಂಡೆ ಕಟ್ಟುವುದಿಲ್ಲ, ಪುಡಿಪುಡಿಯಾಗಿ ಉದುರುತ್ತದೆ. ಈ ಬಲವಿಲ್ಲದ ಪದರ ವಾರಗಟ್ಟಲೆ, ಎಷ್ಟೋ ಸಲ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ.

ಅದರ ಮೇಲೆ ಹೊಸ ಹಿಮ ಬೀಳುತ್ತದೆ. ಗಾಳಿ ಬೆಟ್ಟದ ಒಂದು ಮಗ್ಗುಲಿನ ಹಿಮವನ್ನು ಎತ್ತಿ ಇನ್ನೊಂದು ಮಗ್ಗುಲಲ್ಲಿ ಪೇರಿಸುತ್ತದೆ. ಆಕಾಶದಿಂದ ಏನೂ ಬೀಳದಿದ್ದರೂ ಗಾಳಿ ಒಂದೇ ಕೆಲವು ಗಂಟೆಗಳಲ್ಲಿ ಅಪಾಯ ತಂದಿಡಬಲ್ಲದು. ಹೀಗೆ ಮೇಲೊಂದು ಗಟ್ಟಿ ಚಪ್ಪಡಿ, ಕೆಳಗೆ ಸಕ್ಕರೆ. ಇಳಿಜಾರು 30 ಡಿಗ್ರಿ ದಾಟಿದ್ದರೆ ಒಬ್ಬ ಮನುಷ್ಯನ ಭಾರಕ್ಕೇ ಕೆಳಗಿನ ಪದರ ಕುಸಿಯಬಹುದು. ಬಿರುಕು ಕ್ಷಣದಲ್ಲಿ ಹರಡಿ ಇಡೀ ಚಪ್ಪಡಿ ಜಾರುತ್ತದೆ. ಹೀಗೆ ಸಿಕ್ಕಿಬೀಳುವ ಸ್ಕೀಯರ್‌ಗಳಲ್ಲಿ ಹೆಚ್ಚಿನವರ ವಿಷಯದಲ್ಲಿ ಹಿಮವನ್ನು ಕದಲಿಸಿದ್ದು ಅವರೇ ಅಥವಾ ಅವರ ಗುಂಪಿನವರು.

ಎರಡನೇ ಮಹಾಯುದ್ಧ ಮುಗಿದ ವರ್ಷವೇ, 1945ರಲ್ಲಿ, ದಾವೋಸ್‌ನ ಈ ಹಿಮ ಸಂಶೋಧನಾ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಕೊಡುವ ಕೆಲಸವನ್ನು ಸೇನೆಯಿಂದ ವಹಿಸಿಕೊಂಡಿತು. ಆಮೇಲೆ ಒಂದೊಂದು ದೇಶವೂ ಅಪಾಯ ಎಷ್ಟೆಂದು ಹೇಳಲು ತನ್ನದೇ ಅಳತೆ ಮಾಡಿಕೊಂಡಿತು. 1993ರಲ್ಲಿ ಯುರೋಪ್ 5 ಹಂತಗಳ ಒಂದೇ ಅಳತೆಗೆ ಒಪ್ಪಿತು.

ನನ್ನನ್ನು ಜಾಸ್ತಿ ಕಾಡುವುದು ಇದರ 3ನೇ ಹಂತ. 5ರಲ್ಲಿ 3 ಅಂದರೆ ನಡುವಿನದು, ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಹಂತದಿಂದ ಹಂತಕ್ಕೆ ಅಪಾಯ ಒಂದೊಂದು ಮೆಟ್ಟಿಲಂತೆ ಏರುವುದಿಲ್ಲ, ಹಲವು ಪಟ್ಟು ಹೆಚ್ಚುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಸುಮಾರು ಅರ್ಧದಷ್ಟು ಸಾವುಗಳು ಆಗುವುದು 3ನೇ ಹಂತದ ದಿನಗಳಲ್ಲೇ. 4 ಅಥವಾ 5 ಇದ್ದಾಗ ಹೆಚ್ಚಿನವರು ಮನೆಯಲ್ಲಿರುತ್ತಾರೆ. 3 ಇರುವ ದಿನ ಎಷ್ಟೋ ಸಲ ಬಿಸಿಲು ಬಂದಿರುತ್ತದೆ, ಹೊಸ ಹಿಮ ಕೈಬೀಸಿ ಕರೆಯುತ್ತಿರುತ್ತದೆ.

2003ರ ಫೆಬ್ರವರಿ 1ರಂದು ರೋಜರ್ಸ್ ಪಾಸ್ ಪಕ್ಕದ ಕಣಿವೆಯಲ್ಲಿ 14 ಶಾಲಾ ಮಕ್ಕಳು, ಮೂವರು ದೊಡ್ಡವರು ಸ್ಕೀ ಮೇಲೆ ಹೊರಟಿದ್ದರು. ಬೆಟ್ಟದ ಮೇಲ್ಭಾಗಕ್ಕೆ ಇದ್ದ ಸೂಚನೆ ಈ 3ನೇ ಹಂತದ್ದೇ. ಅವರು ಕಡಿದಾದ ಇಳಿಜಾರು ಹತ್ತಿರಲಿಲ್ಲ, ಕಣಿವೆಯ ತಳದಲ್ಲಿದ್ದರು. ಹಿಮ ಬಂದದ್ದು ಕಿಯೋಪ್ಸ್ ಬೆಟ್ಟದ ಮೇಲಿನಿಂದ, ತಾನಾಗಿಯೇ. ಒಳಗಿದ್ದ ಬಲಹೀನ ಪದರ ಹಿಂದಿನ ನವೆಂಬರ್‌ನಲ್ಲಿ ಹುಟ್ಟಿದ್ದು. ಎಲ್ಲರ ಮೈಮೇಲೆ ಬೀಕನ್ (ಹೂತುಹೋದವರನ್ನು ಹುಡುಕಲು ಸಂಕೇತ ಕಳಿಸುವ ಸಾಧನ) ಇತ್ತು, ಸಲಿಕೆಗಳೂ ಇದ್ದವು. ಹತ್ತಿರದಲ್ಲಿದ್ದ ಇಬ್ಬರು ಓಡಿ ಬಂದು ಅಗೆದರು. ಆದರೂ ಏಳು ಮಕ್ಕಳು ಉಳಿಯಲಿಲ್ಲ. ಹಿಮದಡಿ ಸಮಯ ಬಹಳ ಕಡಿಮೆ. 1994ರಲ್ಲಿ ಪ್ರಕಟವಾದ ಸ್ವಿಸ್ ಲೆಕ್ಕದಲ್ಲಿ, ಪೂರ್ತಿ ಹೂತುಹೋದವರಲ್ಲಿ 15 ನಿಮಿಷದ ಹೊತ್ತಿಗೆ 10ರಲ್ಲಿ 9 ಜನ ಬದುಕಿರುತ್ತಾರೆ. 35 ನಿಮಿಷದ ಹೊತ್ತಿಗೆ ಉಳಿಯುವುದು ಮೂವರೇ.

ಈ ಸಾವುಗಳ ನಂತರ ಕೆನಡಾ ಹಿಮವನ್ನಷ್ಟೇ ಅಲ್ಲ, ನೆಲವನ್ನೂ ಅಳೆಯಲು ಶುರುಮಾಡಿತು. ಅಲ್ಲಿನ ರಾಷ್ಟ್ರೀಯ ಉದ್ಯಾನಗಳು ಚಳಿಗಾಲದ ದಾರಿಗಳನ್ನು ಸರಳ, ಸವಾಲಿನದು, ಜಟಿಲ ಎಂದು ಮೂರು ಬಗೆಯಾಗಿ ವಿಂಗಡಿಸಿದವು. ಕಾಲಡಿಯ ಇಳಿಜಾರಿನ ಜೊತೆಗೆ ತಲೆಯ ಮೇಲೆ ಯಾವ ಬೆಟ್ಟ ನಿಂತಿದೆ ಅನ್ನುವುದೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ಸೂಚನೆಯ ಹಂತ ದಿನದಿನಕ್ಕೆ ಬದಲಾಗುತ್ತದೆ, ಇದು ಬದಲಾಗುವುದಿಲ್ಲ. ಶಾಲಾ ಗುಂಪುಗಳಿಗೆ ಈಗ ಎರಡನೇ ಬಗೆಯ ದಾರಿಗೆ ಪ್ರಮಾಣಪತ್ರ ಪಡೆದ ಗೈಡ್ ಇರಲೇಬೇಕು. ಮೂರನೆಯ ಬಗೆಗೆ ಪ್ರವೇಶವೇ ಇಲ್ಲ.