ಬಿಟ್ಟಿ ಸಿಕ್ಕ ಮರಳು

ಮನೆ ಕಟ್ಟೋವಾಗ ನುಣ್ಣಗಿನ ಮರಳು ಬಿಟ್ಟಿ ಸಿಗುತ್ತೆ ಅಂದ್ರೆ ಯಾರು ಬೇಡ ಅಂತಾರೆ? ಅಮೆರಿಕದ ಕೊಲೊರಾಡೊ ರಾಜ್ಯದ ಗ್ರ್ಯಾಂಡ್ ಜಂಕ್ಷನ್ ಊರಿನವರೂ ಬೇಡ ಅನ್ನಲಿಲ್ಲ. 1950ರ ದಶಕದಿಂದ 1966ರವರೆಗೆ ಅಲ್ಲಿನ ಯುರೇನಿಯಂ ಗಿರಣಿಯ ಪಕ್ಕ, ಅದಿರು ಪುಡಿ ಮಾಡಿ ಯುರೇನಿಯಂ ತೆಗೆದ ಮೇಲೆ ಉಳಿದು ಗುಡ್ಡೆ ಬಿದ್ದಿದ್ದ ಮರಳನ್ನು ಲಾರಿಗಳಲ್ಲಿ ತುಂಬಿಕೊಂಡು ಹೋಗಿ ತಳಪಾಯಕ್ಕೆ ಸುರಿದರು, ಕಾಂಕ್ರೀಟಿಗೆ ಕಲಸಿದರು, ಮಕ್ಕಳು ಆಡೋ ಮರಳಿನ ಗುಂಡಿಗೂ ಹಾಕಿದರು.

ಯುರೇನಿಯಂ ತೆಗೆದಾದ ಮೇಲೆ ಮರಳಲ್ಲಿ ಇನ್ನೇನಿರುತ್ತೆ ಅಂತ ನಮಗೂ ಅನ್ನಿಸುತ್ತೆ, ಅಲ್ವಾ? ಆದರೆ ಅದಿರಿನ ವಿಕಿರಣದಲ್ಲಿ ಸುಮಾರು 85% ಆ ಮರಳಲ್ಲೇ ಉಳಿದಿರುತ್ತೆ. ಗಿರಣಿಗೆ ಬೇಕಾಗಿದ್ದು ಯುರೇನಿಯಂ ಮಾತ್ರ. ಅದಿರಲ್ಲಿದ್ದ ಬೇರೆ ವಿಕಿರಣ ವಸ್ತುಗಳಾದ ರೇಡಿಯಂ, ಥೋರಿಯಂ ಹಿಂದೆ ಉಳಿದವು. ರೇಡಿಯಂ ತಾನಾಗೇ ಕ್ಷಯಿಸಿ ಅರ್ಧ ಆಗೋಕೆ 1600 ವರ್ಷ ಬೇಕು. ಹಾಗೆ ಕ್ಷಯಿಸುತ್ತಾ ಅದು ರೇಡಾನ್ ಅನ್ನೋ ಅನಿಲ ಬಿಡುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ನೆಲದ ಸಣ್ಣ ಬಿರುಕಿನಿಂದ ಮೇಲೆದ್ದು, ಚಳಿಗೆ ಕಿಟಕಿ ಮುಚ್ಚಿದ ಮನೆಯೊಳಗೆ ತುಂಬಿಕೊಳ್ಳುತ್ತೆ. ವರ್ಷಗಟ್ಟಲೆ ಆ ಗಾಳಿ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ.

ಇಂಥ ಗಿರಣಿಗಳಿಂದ ಯುರೇನಿಯಂ ಕೊಂಡಿದ್ದು ಕೇಂದ್ರ ಸರ್ಕಾರದ ಪರಮಾಣು ಶಕ್ತಿ ಆಯೋಗ, ಅದೂ ಬಾಂಬಿಗಾಗಿ. ಉಳಿದ ಮರಳು ಮಾತ್ರ ತನ್ನ ಅಧಿಕಾರಕ್ಕೆ ಬರಲ್ಲ ಅಂತ ಅದು ಕೈತೊಳೆದುಕೊಂಡಿತು. ರಾಜ್ಯದ ಆರೋಗ್ಯ ಇಲಾಖೆ ಅಡ್ಡ ನಿಂತ ಮೇಲೆಯೇ 1966ರಲ್ಲಿ ಮರಳು ಸಾಗಾಟ ನಿಂತಿದ್ದು. ನನಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸೋದು ಇದೇ. ಊರಿಗೆ ಹತ್ತಿರ ಇರೋ ಸರ್ಕಾರಕ್ಕೆ ಮೊದಲು ಬಿಸಿ ತಟ್ಟಿತು.

ಆಮೇಲೆ ದುಡ್ಡಿನ ಪ್ರಶ್ನೆ. 1972ರ ಕಾನೂನಿನಲ್ಲಿ ಈ ಊರಿನ ಮನೆಗಳ ರಿಪೇರಿಗೆ ಕೇಂದ್ರ 75%, ರಾಜ್ಯ 25% ಅಂತಾಯಿತು. 1978ರಲ್ಲಿ ದೇಶದ ಮುಚ್ಚಿಹೋದ ಗಿರಣಿಗಳಿಗೆಲ್ಲ ಒಂದು ಕಾನೂನು ಬಂತು. ಅದರಲ್ಲಿ ಕೇಂದ್ರದ ಪಾಲು 90%, ರಾಜ್ಯದ್ದು 10%. ಮೂಲನಿವಾಸಿಗಳ ನೆಲದಲ್ಲಾದರೆ ಪೂರ್ತಿ ಕೇಂದ್ರದ್ದೇ. ಹತ್ತು ಅಂದ್ರೆ ಸಣ್ಣದು ಅನ್ನಿಸಬಹುದು, ಆದರೆ ಗಿರಣಿಯ ಜಾಗ ಕೊಳ್ಳಬೇಕಾದದ್ದು ರಾಜ್ಯ, ಕ್ಲೀನ್ ಆದ ಮೇಲೆ ಅದನ್ನ ಏನು ಮಾಡೋದು ಅಂತ ಯೋಚಿಸಬೇಕಾದದ್ದೂ ರಾಜ್ಯ.

ಊರಲ್ಲಿ 4000ಕ್ಕೂ ಹೆಚ್ಚು ಕಡೆ ಮರಳು ತೆಗೆದರು. ಕೆಲವು ಕಡೆ ಮನೆ ಹಾಗೇ ನಿಂತಿರುವಾಗಲೇ ಅದರ ನೆಲ ಒಡೆದು, ಅಡಿಯ ಮರಳು ಬಗೆದು, ಹೊಸ ಮಣ್ಣು ತುಂಬಬೇಕಿತ್ತು. ತೆಗೆದದ್ದನ್ನೆಲ್ಲ ಸುಮಾರು 30 ಕಿ.ಮೀ. ದೂರದ ಚೀನಿ ಅನ್ನೋ ಜಾಗಕ್ಕೆ ಸಾಗಿಸಿ ಗುಂಡಿಯಲ್ಲಿ ಹೂತರು. ಗಿರಣಿ ಇದ್ದ ನದಿದಂಡೆಯನ್ನು ರಾಜ್ಯ ಸರ್ಕಾರ ಊರಿಗೇ ಕೊಟ್ಟಿತು. ಈಗ ಅಲ್ಲಿ ಪಾರ್ಕ್ ಇದೆ.

ಚೀನಿಯ ಗುಂಡಿಯನ್ನು ಮಾತ್ರ ಇನ್ನೂ ಪೂರ್ತಿ ಮುಚ್ಚಿಲ್ಲ. ಯಾಕಂದ್ರೆ ಇವತ್ತಿಗೂ ಯಾರೋ ರಸ್ತೆ ಅಗೆದಾಗಲೋ, ಹಳೇ ಮನೆ ಒಡೆದಾಗಲೋ ಆ ಮರಳು ಸಿಗುತ್ತಲೇ ಇರುತ್ತೆ.